ಮುಟ್ಟಿನ ರಜೆ ನಮ್ಮ ಮನೆಗೆ ಬಂದ ಬಗೆ

ಸುದ್ದಿಯನ್ನು ನಮ್ಮ ಮನೆಯಲ್ಲಿ ಮೊದಲು ಓದಿದವರು ಅತ್ತೆ. ಎಂಬತ್ತು ದಾಟಿರುವ ಅವರು ಬೆಳಗಿನ ಕಾಫಿಯಾದ ಮೇಲೆ ವರಾಂಡದಲ್ಲಿ ಬಿಸಿಲು ಬೀಳುವ ಕಡೆಗೆ ಕುರ್ಚಿ ಸರಿಸಿಕೊಂಡು, ಭೂತಗನ್ನಡಿ ಹಿಡಿದು, ಪತ್ರಿಕೆಯನ್ನು ಮೊದಲ ಪುಟದಿಂದ ಶ್ರದ್ಧಾಂಜಲಿಗಳವರೆಗೆ ಒಂದೂ ಬಿಡದೆ ಓದುತ್ತಾರೆ. ಅವರು ಮುಗಿಸುವ ತನಕ ಬೇರೆ ಯಾರಿಗೂ ಪತ್ರಿಕೆ ಸಿಗುವುದಿಲ್ಲ. ಬ್ಯಾಂಕಿನಿಂದ ನಿವೃತ್ತರಾಗಿರುವ ನನ್ನ ಗಂಡ ಈಗಲೂ ಅಮ್ಮನ ಸರದಿ ಮುಗಿಯಲೆಂದು ಕೈಕಟ್ಟಿ ಕಾಯುತ್ತಾರೆ.

ನಾನು ಒಳಗೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ಅತ್ತೆ ಕೂಗಿದರು. ಹೋಗಿ ನೋಡಿದರೆ ಭೂತಗನ್ನಡಿಯನ್ನು ಒಂದು ಸುದ್ದಿಯ ಮೇಲೆ ಒತ್ತಿ ಹಿಡಿದು ಕೂತಿದ್ದಾರೆ, ಕೈ ತೆಗೆದರೆ ಸುದ್ದಿ ಎದ್ದು ಹೋಗುತ್ತದೇನೋ ಎಂಬಂತೆ. ಕಚೇರಿ, ಕಾರ್ಖಾನೆ, ಕಂಪನಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೆ ಒಂದು ದಿನ ಮುಟ್ಟಿನ ರಜೆ ಕೊಡಬೇಕು, ಸಂಬಳ ಹಿಡಿಯಬಾರದು, ಡಾಕ್ಟರ ಚೀಟಿ ಕೇಳಬಾರದು ಎಂದು ರಾಜ್ಯ ಸರ್ಕಾರ ಆದೇಶ ಮಾಡಿದೆ ಎಂದಿತ್ತು. ನಾನು ಎರಡು ಸಲ ಓದಿದೆ. ಮುಟ್ಟು ಎಂಬ ಮಾತನ್ನು ಅಷ್ಟು ದಪ್ಪ ಅಕ್ಷರದಲ್ಲಿ ನಾನು ಅದುವರೆಗೆ ನೋಡಿರಲಿಲ್ಲ.

"ನೋಡೇ, ಕಡೆಗೂ ಸರ್ಕಾರಕ್ಕೆ ಬುದ್ಧಿ ಬಂತು," ಎಂದರು ಅತ್ತೆ. "ಆ ದಿನಗಳಲ್ಲಿ ಹೆಂಗಸರು ಎಲ್ಲರ ಜೊತೆ ಓಡಾಡಬಾರದು ಅಂತ ನಾವು ಹೇಳಿದ್ರೆ ನೀವೆಲ್ಲ ನಗ್ತಿದ್ರಿ. ಈಗ ವಿಧಾನಸೌಧದವರೇ ಹೇಳ್ತಿದಾರೆ. ಒಂದೇ ದಿನ ಕೊಟ್ಟಿದಾರೆ. ಮೂರು ಕೊಡಬೇಕಿತ್ತು."

ನಗು ಬಂತು. ಆದರೆ ಅವರು ಹಾಸ್ಯ ಮಾಡುತ್ತಿರಲಿಲ್ಲ. ಅವರ ಮುಖದಲ್ಲಿ ತಾನು ಇಷ್ಟು ವರ್ಷ ಹೇಳಿದ್ದು ಸರಿಯೆಂದು ಯಾರೋ ದೊಡ್ಡವರು ಬಂದು ಒಪ್ಪಿಕೊಂಡ ಸಮಾಧಾನವಿತ್ತು. ಇದು ಹಾಗಲ್ಲ ಅಮ್ಮ, ನೋವಿರುತ್ತಲ್ಲ, ಸುಧಾರಿಸಿಕೊಳ್ಳಲಿ ಅಂತ ಎಂದು ನಾನು ಹೇಳಲು ಹೋದೆ. ನಾನೂ ಅದನ್ನೇ ಹೇಳ್ತಿರೋದು ಎಂದುಬಿಟ್ಟರು.

ನನ್ನ ಮನಸ್ಸು ಆಗಲೇ ಸೊಸೆಯ ಕಡೆಗೆ ಓಡಿತ್ತು.

ನಮ್ಮ ಸೊಸೆ ಧಾರವಾಡದ ಹುಡುಗಿ. ಬಿಟಿಎಂ ಲೇಔಟಿನ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ನಮ್ಮ ಮಗ ಅವಳನ್ನು ಮದುವೆಯಾಗುತ್ತೇನೆ ಎಂದಾಗ ಅತ್ತೆ ಒಂದು ವಾರ ಮಾತು ಬಿಟ್ಟು, ಆಮೇಲೆ ಅವಳು ಬಂದು ಕಾಲಿಗೆ ಬಿದ್ದು ಪೇಡದ ಪೆಟ್ಟಿಗೆ ಕೈಗಿಟ್ಟಾಗ, ಇಷ್ಟು ಸಿಹಿ ನನಗೆ ಆಗಲ್ಲ ಎನ್ನುತ್ತಲೇ ಎರಡು ತಿಂದು ಒಪ್ಪಿಕೊಂಡಿದ್ದರು. ಅವಳ ತವರಿನವರು ಕೊರಳಿಗೆ ಲಿಂಗ ಕಟ್ಟಿಕೊಂಡವರು. ಅವರಲ್ಲಿ ಈ ಮೈಲಿಗೆಯ ಲೆಕ್ಕವೇ ಇಲ್ಲ. ಮುಟ್ಟಾದ ದಿನವೂ ಅವಳ ತಾಯಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರಂತೆ, ಪೂಜೆಯನ್ನೂ ಮಾಡುತ್ತಿದ್ದರಂತೆ. ಮದುವೆಯಾದ ಹೊಸದರಲ್ಲಿ ಅವಳು ಇದನ್ನು ಹೇಳಿದಾಗ ಕೈಯಲ್ಲಿದ್ದ ಸೌಟನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ. ಹಾಗೆ ಬೆಳೆದ ಹುಡುಗಿಗೆ ನಮ್ಮ ಮನೆಯ ಕ್ರಮವನ್ನು ಹೇಗೆ ಹೇಳುವುದು?

ಹೇಳಲೇ ಇಲ್ಲ. ನಾವಿಬ್ಬರೂ ಒಂದು ದಾರಿ ಮಾಡಿಕೊಂಡೆವು. ಆ ದಿನ ಬಂದರೆ ಅವಳು ಬೆಳಿಗ್ಗೆ ನನ್ನನ್ನು ನೋಡಿ ಸುಮ್ಮನೆ ಕಣ್ಣು ಮಿಟುಕಿಸುವಳು. ಅತ್ತೆಯ ಪೂಜೆಗೆ ಕಾಂಪೌಂಡಿನ ನಂದಿಬಟ್ಟಲ ಗಿಡದಿಂದ ಹೂವು ಬಿಡಿಸುವುದು ಅವಳ ಕೆಲಸ. ಅವತ್ತು ನಾನು ಬಿಡಿಸುತ್ತಿದ್ದೆ. ಅವಳು ಬೇಗ ಸ್ನಾನ ಮಾಡಿ, ದೇವರಮನೆಯ ಕಡೆ ಸುಳಿಯದೆ ಬಸ್ಸು ಹತ್ತಿ ಹೋಗುವಳು. ಸಂಜೆ ಬಂದು ನೇರ ತನ್ನ ಕೋಣೆಗೆ. ಆಫೀಸಿನ ಸುಸ್ತು ಎಂದರೆ ಮುಗಿಯಿತು. ಅತ್ತೆಯ ಮಡಿಗೂ ಭಂಗವಿಲ್ಲ, ಹುಡುಗಿಯ ಮನಸ್ಸಿಗೂ ನೋವಿಲ್ಲ. ಹೀಗೆಯೇ ತಿಂಗಳುಗಳು ಸಾಗುತ್ತಿದ್ದವು.

ಮನಸ್ಸಿಗೆ ನೋವಿರಲಿಲ್ಲ, ನಿಜ. ಹೊಟ್ಟೆಗಿತ್ತು. ಅವಳಿಗೆ ಮೊದಲನೇ ದಿನ ಬರುವ ನೋವನ್ನು ನಾನು ನೋಡಿದ್ದೇನೆ. ನಮ್ಮ ಜಯನಗರದಲ್ಲೇ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಸ್ಕ್ಯಾನ್ ಮಾಡಿಸಿ, ಮಾತ್ರೆ ಬರೆದುಕೊಟ್ಟು, ಮೊದಲ ದಿನ ಬಿಸಿನೀರಿನ ಶಾಖ ಕೊಟ್ಟು ಮಲಗಿರಬೇಕಮ್ಮ, ಅದಕ್ಕಿಂತ ದೊಡ್ಡ ಔಷಧಿ ಇಲ್ಲ ಎಂದಿದ್ದರು. ಮಲಗುವುದೆಲ್ಲಿ? ಮನೆಯಲ್ಲಿ ಮಲಗಿದರೆ ಅತ್ತೆಗೆ ಗೊತ್ತಾಗುತ್ತದೆ. ಹಾಗಾಗಿ ಆ ದಿನವೂ ಅವಳು ಹೊರಡುತ್ತಿದ್ದಳು. ಬಾಗಿಲ ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಬಕಲ್ ಹಾಕಿಕೊಳ್ಳಲು ತಡವಾಗುತ್ತಿತ್ತು. ಹಾಕಿದ ಮೇಲೂ ಏಳುತ್ತಿರಲಿಲ್ಲ. ಮೊಣಕಾಲಿನ ಮೇಲೆ ಹಣೆ ಇಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಎದ್ದು, ಬರ್ತೀನ್ರಿ ಎಂದು ನಗುತ್ತಾ ಹೋಗುತ್ತಿದ್ದಳು.

ನೋವು ಜೋರಿರುವುದು ಅದೊಂದೇ ದಿನ. ಸರ್ಕಾರ ಕೊಟ್ಟಿದ್ದೂ ಒಂದೇ ದಿನ. ಅವಳ ಅಳತೆ ತೆಗೆದು ಹೊಲಿಸಿದ ಹಾಗಿತ್ತು. ಹಾಗಾಗಿ ಆ ಸುದ್ದಿ ಓದಿದಾಗ ನನಗೆ ಮೊದಲು ಬಂದದ್ದು ಸಂತೋಷವೇ. ವಿಧಾನಸೌಧದ ಯಾವುದೋ ಕೋಣೆಯಲ್ಲಿ ಮೇಜಿನ ಸುತ್ತ ಕೂತ ಜನರ ಮುಂದೆ ಯಾರೋ ಒಬ್ಬರು ಈ ಮಾತನ್ನು ಬಾಯಿಬಿಟ್ಟು ಹೇಳಿರಬೇಕಲ್ಲ, ಕೇಳಿದವರು ಮುಜುಗರ ನುಂಗಿಕೊಂಡು ಬರೆದುಕೊಂಡಿರಬೇಕಲ್ಲ ಎಂದು ಯೋಚಿಸಿದೆ. ನಮ್ಮ ಮನೆಗಳಲ್ಲಿ ಅದನ್ನು ಹೇಳಲು ಕಾಗೆಯನ್ನು ಕರೆತರುತ್ತಿದ್ದೆವು. ಅಮ್ಮ ಯಾಕೆ ಅಲ್ಲಿ ಕೂತಿದಾಳೆ ಎಂದು ಮಕ್ಕಳು ಕೇಳಿದರೆ, ಅಮ್ಮನ್ನ ಕಾಗೆ ಮುಟ್ಟಿದೆ.

ನನ್ನ ತವರು ಹನುಮಂತನಗರ. ಅಲ್ಲಿ ನಮ್ಮಮ್ಮ ಹಿತ್ತಲ ಬಾಗಿಲ ಹತ್ತಿರದ ಓಣಿಯಲ್ಲಿ ಕೂರುತ್ತಿದ್ದಳು. ಆಮೇಲೆ ನಾನೂ. ಚಾಪೆ, ಚೊಂಬು, ಬೇರೆ ತಟ್ಟೆ. ತಟ್ಟೆಗೆ ಮೇಲಿನಿಂದ ಅನ್ನ ಬೀಳುತ್ತಿತ್ತು. ಯಾರೂ ಬೈಯುತ್ತಿರಲಿಲ್ಲ, ಕಷ್ಟವನ್ನೂ ಕೊಡುತ್ತಿರಲಿಲ್ಲ. ದೂರ ಮಾತ್ರ. ಆದರೆ ಸ್ಕೂಲಿಗೆ ಹೋಗಬೇಡ ಎಂದು ನಮ್ಮಪ್ಪ ಎಂದೂ ಹೇಳಲಿಲ್ಲ. ಅದಕ್ಕೆ ನಾನು ಅವರಿಗೆ ಋಣಿ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಮೆಟ್ಟಿಲ ಕೆಳಗೆ ಒಂದು ಸಣ್ಣ ಸಿಕ್ ರೂಮ್ ಇತ್ತು. ಕಬ್ಬಿಣದ ಮಂಚ, ಹಸಿರು ಪರದೆ, ಫ್ಲಾನಲ್ ಬಟ್ಟೆ ಸುತ್ತಿದ ಬಿಸಿನೀರಿನ ಚೀಲ. ಅದನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಮಂಗಳೂರಿನ ಕಡೆಯವರು. ತರಗತಿಯಲ್ಲಿ ಬಹಳ ಕಟ್ಟುನಿಟ್ಟು, ಉಗುರು ಉದ್ದವಿದ್ದರೆ ಸ್ಕೇಲಿನಿಂದ ಹೊಡೆಯುತ್ತಿದ್ದರು. ಆದರೆ ಹೊಟ್ಟೆ ಹಿಡಿದುಕೊಂಡು ಬಂದವಳನ್ನು ಏನೂ ಕೇಳುತ್ತಿರಲಿಲ್ಲ. ಮಂಚ ತೋರಿಸಿ, ಹೊದಿಸಿ, ಹಣೆಯ ಮೇಲೆ ಕೈಯಿಟ್ಟು ಹೋಗುತ್ತಿದ್ದರು. ಆ ದಿನಗಳಲ್ಲಿ ನನ್ನನ್ನು ಮುಟ್ಟುತ್ತಿದ್ದವರು ಅವರೊಬ್ಬರೇ. ಹಾಗಾಗಿ ನನಗೆ ಆ ದಿನಗಳಲ್ಲಿ ಮನೆಗಿಂತ ಸ್ಕೂಲು ಹಿತವಾಗಿತ್ತು. ಭಾನುವಾರ ಬಂದರೆ ಬೇಜಾರು.

ಮದುವೆಯಾಗಿ ಈ ಮನೆಗೆ ಬಂದಾಗ ಇಲ್ಲಿಯೂ ಅದೇ ಕ್ರಮ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಹಿಂದಿನ ಕೋಣೆಯೊಂದಿತ್ತು, ಅದಕ್ಕೆ ಪಕ್ಕದ ಓಣಿಯಿಂದಲೇ ದಾರಿ. ಆಮೇಲೆ ನನ್ನ ಗಂಡನಿಗೆ ವರ್ಗವಾಗಿ ಊರೂರು ತಿರುಗಿದೆವು, ಕ್ರಮ ತಾನಾಗಿ ಬಿಟ್ಟುಹೋಯಿತು. ಮಾವ ಹೋದ ಮೇಲೆ ಹಿಂತಿರುಗಿ ಬರುವಷ್ಟರಲ್ಲಿ ನನಗೆ ಆ ವಯಸ್ಸೇ ಮುಗಿದಿತ್ತು. ಹಿಂದಿನ ಕೋಣೆಗೆ ಹಳೇ ಪೇಪರು, ದಸರಾ ಗೊಂಬೆಗಳ ಟ್ರಂಕು ಬಂದವು.

ಪತ್ರಿಕೆ ಓದಿದ ಮರುದಿನ ಅತ್ತೆ ಆ ಟ್ರಂಕನ್ನು ಮಹಡಿಗೆ ಹಾಕಿಸಿದರು.

ನಾನು ಏನಮ್ಮ ಇದು ಎಂದೆ. ಹುಡುಗಿಗೆ ರಜಾ ಕೊಟ್ಟಿದಾರಲ್ಲ, ಕೂರೋದು ಎಲ್ಲಿ ಎಂದರು. ಅವರು ಆ ಕೆಲಸಕ್ಕೆ ನಿಂತ ಉತ್ಸಾಹವನ್ನು ನೋಡಿದ್ದರೆ ನಿಮಗೂ ಬೇಡ ಎನ್ನಲು ಬಾಯಿ ಬರುತ್ತಿರಲಿಲ್ಲ. ಗೋಡೆಗೆ ಸುಣ್ಣ ಬಳಿಸಿದರು. ತಾವು ಯಾರಿಗೂ ಕೊಡದೆ ಇಟ್ಟುಕೊಂಡಿದ್ದ ಹೊಸ ಜಮಖಾನ ಹಾಸಿಸಿದರು. ದಿಂಬಿಗೆ ಹೊಸ ಕವರು. ನನ್ನ ಗಂಡನನ್ನು ಜಯನಗರದ ಶಾಪಿಂಗ್ ಕಾಂಪ್ಲೆಕ್ಸಿಗೆ ಕಳಿಸಿ ಟೇಬಲ್ ಫ್ಯಾನ್ ತರಿಸಿದರು. ಸದ್ದು ಮಾಡುತ್ತದೆಂದು ವಾಪಸ್ಸು ಕಳಿಸಿ, ಸದ್ದು ಮಾಡದ್ದನ್ನು ತರಿಸಿದರು. ಬೇರೆ ತಟ್ಟೆ, ಲೋಟ, ಚೊಂಬು ಬಂದವು, ಸ್ಟೀಲಿನವು, ಹೊಳೆಯುವಂಥವು.

ಸಂಜೆ ಸೊಸೆ ಬಂದಾಗ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದರು. ಆ ದಿನ ಇನ್ನು ಮೇಲೆ ಆಫೀಸಿಗೆ ಹೋಗಬೇಡ ಮಗು, ಇಲ್ಲಿ ಆರಾಮಾಗಿ ಕೂತ್ಕೊ, ಊಟ ತಿಂಡಿ ಇಲ್ಲಿಗೇ ಬರುತ್ತೆ ಎಂದರು. ಸೊಸೆ ಫ್ಯಾನು ನೋಡಿದಳು, ತಟ್ಟೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಭಾಳ ಛಲೋ ಮಾಡೀರಿ ಅಜ್ಜಿ ಎಂದಳು. ರಾತ್ರಿ ಊಟಕ್ಕೆ ಕೂತಾಗ ಒಂದೇ ಚಪಾತಿ ತಿಂದಳು.

ಅಲ್ಲಿಗೆ ನಮ್ಮ ಗುಟ್ಟಿನ ದಾರಿ ಮುಚ್ಚಿತು. ಮಗನಿಗೆ ಹೇಳಿದೆ. ಅಜ್ಜಿಗೆ ನಾನು ಹೇಳ್ತೀನಿ ಎಂದು ಎದ್ದ. ಸೊಸೆಯೇ ಅವನನ್ನು ತಡೆದಳು. ಅಷ್ಟು ಪ್ರೀತಿಯಿಂದ ಮಾಡ್ಯಾರ, ಜಗಳಾ ಮಾಡಬ್ಯಾಡ್ರಿ ಎಂದಳು. ಅವಳ ಆಫೀಸಿನಲ್ಲಿ ಆಗಲೇ ಎಲ್ಲರಿಗೂ ಮೇಲ್ ಬಂದಿತ್ತಂತೆ. ಕಂಪ್ಯೂಟರಿನಲ್ಲಿ ರಜೆ ಕೇಳುವ ಕಡೆ ಈ ರಜೆಯನ್ನೂ ಹೊಸದಾಗಿ ಸೇರಿಸಿದ್ದರಂತೆ. ಒಂದಿಬ್ಬರು ಹುಡುಗರು, ನಮಗೂ ಏನಾದ್ರೂ ಕೊಡ್ರಪ್ಪಾ ಎಂದು ತಮಾಷೆ ಮಾಡಿದರಂತೆ. ಹೀಗೆ ರಜೆ ಕೊಟ್ಟರೆ ನಾಳೆ ಹೆಣ್ಣುಮಕ್ಕಳನ್ನು ಕೆಲಸಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಹಿರಿಯರೊಬ್ಬರು ಹೇಳಿದರಂತೆ. ಅವಳ ಪಕ್ಕದ ಮೇಜಿನವಳು ಅದೇ ವಾರ ಧೈರ್ಯವಾಗಿ ರಜೆ ತೆಗೆದುಕೊಂಡಳಂತೆ, ಏನೂ ಆಗಲಿಲ್ಲವಂತೆ. ಇದನ್ನೆಲ್ಲ ನಮ್ಮ ಸೊಸೆ ನಗುತ್ತಾ ಹೇಳಿದಳು. ಆಫೀಸಿನವರು ಬಾಗಿಲು ತೆರೆದಿದ್ದರು. ರಜೆ ತೆಗೆದುಕೊಂಡರೆ ಬಂದು ಕೂರಬೇಕಾದ ಜಾಗ ಮಾತ್ರ ಅವಳಿಗೆ ಬೇಕಿರಲಿಲ್ಲ.

ಆ ತಿಂಗಳು ಅವಳು ಕಣ್ಣು ಮಿಟುಕಿಸಲಿಲ್ಲ. ಹೂವನ್ನೂ ಬಿಡಿಸಿಟ್ಟಿರಲಿಲ್ಲ. ನಾನೇ ಬಿಡಿಸಿದೆ. ಮೆಟ್ಟಿಲ ಮೇಲೆ ಕೂತಿದ್ದವಳ ಹತ್ತಿರ ಹೋಗಿ, ಇವತ್ತು ಬೇಡ ಕಣಮ್ಮ, ರಜಾ ಹಾಕು ಎಂದು ಮೆಲ್ಲಗೆ ಹೇಳಿದೆ.

"ಬ್ಯಾಡ್ರಿ ಅತ್ಯಾರ," ಎಂದಳು. "ಆಫೀಸಿನ್ಯಾಗ ಎಲ್ಲಾರ ಜೋಡಿ ಕುಂತಿರ್ತೀನಿ. ಅದ ಛಲೋ."

ಅದೇ ಮಾತನ್ನು ನಾನೂ ಸ್ಕೂಲಿಗೆ ಹೋಗುವಾಗ ಮನಸ್ಸಿನೊಳಗೆ ಹೇಳಿಕೊಂಡಿದ್ದೆ. ಅವಳು ಹೋದಳು.

ಅವಳು ಹೋಗಿ ಬಹಳ ಹೊತ್ತಾಗಿರಲಿಲ್ಲ. ನಾನು ಸ್ನಾನ ಮಾಡಿ, ಅತ್ತೆಗೆಂದು ಮಡಿಯಲ್ಲಿ ಅಡುಗೆಗೆ ನಿಂತಿದ್ದೆ. ಅವರು ನನ್ನ ಕೈಯಡುಗೆ ಬಿಟ್ಟು ಬೇರೆ ತಿನ್ನುವುದಿಲ್ಲ, ಅದೂ ಸ್ನಾನವಾದ ಮೇಲೆ ಯಾರನ್ನೂ ಯಾವುದನ್ನೂ ತಾಕಿಸಿಕೊಳ್ಳದೆ ಮಾಡಿದ್ದು. ಬೇಳೆ ಬೆಂದಿತ್ತು. ಗೇಟಿನ ಹತ್ತಿರ ಆಟೋ ನಿಂತ ಸದ್ದಾಯಿತು. ಅಮ್ಮಾ, ಸ್ವಲ್ಪ ಬನ್ನಿ, ಮೇಡಂಗೆ ಹುಷಾರಿಲ್ಲ ಎಂದು ಆಟೋದವರು ಕೂಗಿದರು.

ಓಡಿದೆ. ಸೊಸೆ ಗೇಟು ದಾಟಿ ಒಳಗೆ ಬಂದಿದ್ದಳು. ತುಟಿ ಬಿಳಿಚಿತ್ತು, ಹಣೆಯ ಕೂದಲು ಬೆವರಿಗೆ ಅಂಟಿತ್ತು. ಅರ್ಧ ದಾರಿಯಲ್ಲಿ ಬಸ್ಸಿನೊಳಗೆ ತಲೆ ಸುತ್ತಿ ಬಂತಂತೆ. ಕಂಡಕ್ಟರಮ್ಮ ಸೀಟು ಬಿಡಿಸಿ ಕೂರಿಸಿ, ನೀರು ಕುಡಿಸಿ, ಮುಂದಿನ ಸ್ಟಾಪಿನಲ್ಲಿ ಇಳಿಸಿ ತಾನೇ ಆಟೋ ಹಿಡಿದುಕೊಟ್ಟಳಂತೆ. ಇದನ್ನು ಅವಳು ಆಮೇಲೆ ಹೇಳಿದ್ದು. ವರಾಂಡದಲ್ಲಿ ಅತ್ತೆ ಕೂತಿದ್ದರು. ಅವರ ಹಿಂದೆ ಮುಂಬಾಗಿಲು. ಸೊಸೆ ಒಂದು ಕ್ಷಣ ಅತ್ತ ನೋಡಿದಳು. ನೋಡಿ, ಗೋಡೆಯ ಮೇಲೆ ಕೈಯಿಟ್ಟು, ಪಕ್ಕದ ಓಣಿಯ ಕಡೆಗೆ ತಿರುಗಿದಳು. ಹಿಂದಿನ ಕೋಣೆಯ ದಾರಿ ಅದು.

ಯಾರೂ ಹೋಗೆಂದು ಹೇಳಿರಲಿಲ್ಲ. ತಾನಾಗಿಯೇ ತಿರುಗಿದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಹೋಗಿ ಅವಳ ತೋಳು ಹಿಡಿದುಕೊಂಡೆ.

"ನೀನು ಅಡುಗೆಗೆ ನಿಂತಿದೀಯ ಕಣೆ," ಎಂದರು ಅತ್ತೆ.

"ಗೊತ್ತು ಅಮ್ಮ," ಎಂದೆ.

ಮುಂಬಾಗಿಲಿನಿಂದಲೇ ಕರೆದುಕೊಂಡು ಹೋಗಿ, ಅವಳ ಕೋಣೆಯಲ್ಲಿ ಮಲಗಿಸಿ, ನೀರು ಕಾಯಿಸಿ ಹೊಟ್ಟೆಯ ಮೇಲೆ ಶಾಖ ಇಟ್ಟೆ. ಮಾತ್ರೆ ಕೊಟ್ಟೆ. ಅವಳು ಗೋಡೆಯ ಕಡೆ ಮುಖ ಮಾಡಿಕೊಂಡು ನನ್ನ ಬೆರಳು ಹಿಡಿದುಕೊಂಡಿದ್ದಳು. ಹಿಡಿತ ಸಡಿಲವಾಗಿ ನಿದ್ದೆ ಬಂದ ಮೇಲೆ ಹೊರಗೆ ಬಂದೆ.

ಅತ್ತೆ ಕುರ್ಚಿಯಲ್ಲೇ ಇದ್ದರು. ಬಿಸಿಲು ಸರಿದುಹೋಗಿತ್ತು, ಅವರು ಸರಿದಿರಲಿಲ್ಲ. ನಾನು ಮತ್ತೆ ಸ್ನಾನ ಮಾಡಿ ಅಡುಗೆ ಮಾಡ್ತೀನಿ ಅಮ್ಮ ಎಂದೆ. ಬೇಡ, ಮಾಡಿದ್ದನ್ನ ನೀವು ಊಟ ಮಾಡಿ ಎಂದರು. ಕೋಲೂರಿಕೊಂಡು ಅಡುಗೆಮನೆಗೆ ಹೋದರು. ಏಕಾದಶಿಯ ದಿನ ಮಾಡಿಕೊಳ್ಳುವಂತೆ, ತಾವೇ ಒಂದು ಬಟ್ಟಲಿಗೆ ಅವಲಕ್ಕಿ ಹಾಕಿ, ನೀರು ಚಿಮುಕಿಸಿ, ಮೊಸರು ಕಲಸಿಕೊಂಡರು. ಕೈ ನಡುಗಿ ಒಂದಷ್ಟು ಅವಲಕ್ಕಿ ಕಟ್ಟೆಯ ಮೇಲೆ ಚೆಲ್ಲಿತು. ನಾನು ಹತ್ತಿರ ಹೋಗುವಂತಿಲ್ಲ, ನೋಡುತ್ತಾ ನಿಂತೆ. ನನ್ನ ಗಂಡ ಹುಳಿಯನ್ನ ಕಲಸಿಕೊಂಡು ತಲೆಯೆತ್ತದೆ ಊಟ ಮಾಡಿದರು. ಅವರಿಗೆ ಮನೆಯ ಹೆಂಗಸರು ಮಾತಾಡದಿದ್ದರೆ ಉಪ್ಪಿನಕಾಯಿಯನ್ನು ಕೇಳಲೂ ಭಯ.

ಮಧ್ಯಾಹ್ನ ಅತ್ತೆ ನನ್ನನ್ನು ಕರೆದರು. ಬೈಯುತ್ತಾರೆ ಎಂದುಕೊಂಡೇ ಹೋದೆ.

"ನನಗೆ ಗೊತ್ತಿರಲಿಲ್ಲ ಅಂದ್ಕೊಂಡಿದೀಯೇನೇ?" ಎಂದರು. "ತಿಂಗಳಿಗೊಂದು ಸಲ ಹೂವು ನೀನು ಬಿಡಿಸ್ತಿದ್ದೆ. ಅವಳು ಬಿಡಿಸಿದ್ರೆ ತೊಟ್ಟು ಇರುತ್ತೆ, ನೀನು ಬಿಡಿಸಿದ್ರೆ ತೊಟ್ಟಿರಲ್ಲ. ಕಣ್ಣು ಮಂದವಾಗಿರಬಹುದು, ಕೈಗೆ ಗೊತ್ತಾಗಲ್ವೇ?"

ನನಗೆ ನಾಚಿಕೆಗಿಂತ ಹೆಚ್ಚಾಗಿ ಆಶ್ಚರ್ಯವಾಯಿತು. ಮತ್ತೆ ಯಾಕಮ್ಮ ಇಷ್ಟು ದಿನ ಏನೂ ಅನ್ನಲಿಲ್ಲ ಎಂದು ಕೇಳಿದೆ.

"ಗೊತ್ತಿಲ್ಲ ಅಂತ ಇದ್ರೆ ದಿನ ಸಾಗುತ್ತೆ. ಗೊತ್ತು ಅಂದ್ಮೇಲೆ ನಡೆಸಲೇಬೇಕಲ್ಲ. ಈಗ ಪೇಪರಿನಲ್ಲೇ ಹಾಕಿ ಊರಿಗೆಲ್ಲ ಗೊತ್ತು ಮಾಡಿಬಿಟ್ರು. ಹುಡುಗಿ ಮನೇಲಿ ಇರ್ತಾಳೆ, ನಾನು ನೋಡ್ತಿರ್ತೀನಿ. ಕಣ್ಣಾರೆ ನೋಡಿಕೊಂಡು ಗೊತ್ತಿಲ್ಲ ಅನ್ನೋಕ್ಕಾಗುತ್ತಾ?"

ಆಮೇಲೆ ತಮ್ಮ ಕಾಲದ ಮಾತು ತೆಗೆದರು. ಅದನ್ನು ಅವರು ಅದುವರೆಗೆ ನನಗೆ ಹೇಳಿರಲಿಲ್ಲ. ಅವರು ಸೊಸೆಯಾಗಿ ಬಂದಾಗ ಈ ಮನೆ ತುಂಬಿದ ಮನೆ. ಮೈದುನರು, ನಾದಿನಿಯರು, ಓದಲು ಬಂದು ಉಳಿದ ನೆಂಟರ ಮಕ್ಕಳು. ಹಿತ್ತಲಿನಲ್ಲಿ ನೀರು ಸೇದುವುದರಿಂದ ಹಿಡಿದು ಕಡೆಯ ಪಾತ್ರೆ ಕವುಚುವ ತನಕ ಯಾರಾದರೊಬ್ಬರು ಕರೆಯುತ್ತಲೇ ಇರುತ್ತಿದ್ದರಂತೆ. ಜ್ವರ ಬಂದರೂ ಕರೆಯುತ್ತಿದ್ದರಂತೆ. ಆ ಮೂರು ದಿನ ಮಾತ್ರ ಯಾರೂ ಕರೆಯುವಂತಿರಲಿಲ್ಲ. ಬಾಣಂತನದಲ್ಲಿಯೂ ಮಾಡದಷ್ಟು ನಿದ್ದೆಯನ್ನು ಹಿಂದಿನ ಕೋಣೆಯಲ್ಲಿ ಮಾಡಿದ್ದೇನೆ ಎಂದರು. ಕೆಲವು ತಿಂಗಳು ಆ ದಿನ ಯಾವಾಗ ಬರುತ್ತದೋ ಎಂದು ಕಾದದ್ದೂ ಉಂಟಂತೆ.

"ಅವಳಿಗೂ ಅಷ್ಟು ನಿದ್ದೆ ಸಿಗಲಿ ಅಂತಲೇ ಸದ್ದಿಲ್ಲದ ಫ್ಯಾನು ಹುಡುಕಿಸಿದೆ," ಎಂದರು.

ಆ ಕೋಣೆಯಲ್ಲಿ ನಾನೂ ಕೂತಿದ್ದೇನೆ. ಅದು ಒಬ್ಬರಿಗೆ ಸುಖದ ಜಾಗವಾಗಿದ್ದಿರಬಹುದು ಎಂದು ನನಗೆ ಎಂದೂ ಹೊಳೆದಿರಲಿಲ್ಲ. ನಾನು ಅವರ ಎದುರಿನ ಮೆಟ್ಟಿಲ ಮೇಲೆ ಕೂತೆ. ಅವರೇ ಎದ್ದರು. ಹುಡುಗಿ ಎದ್ದಿದಾಳಾ ನೋಡು ಎಂದರು. ಎದ್ದಿದ್ದಳು. ಅತ್ತೆ ಕೋಲು ಕುಟ್ಟುತ್ತಾ ಅವಳ ಕೋಣೆಯ ತನಕ ಹೋಗಿ ಹೊಸ್ತಿಲ ಆಚೆಗೇ ನಿಂತರು. ಒಳಗೆ ಕಾಲಿಡಲಿಲ್ಲ. ಸೊಸೆ ಎದ್ದು ಕೂರಲು ಹೋದಳು, ಮಲಗು ಮಲಗು ಎಂದರು.

"ಅಲ್ಲಿ ಯಾರೂ ನಿನ್ನ ಕರೆಯಲ್ಲ ಮಗು. ಒಳ್ಳೇ ನಿದ್ದೆ ಬರುತ್ತೆ."

"ಇಲ್ಲೂ ಯಾರೂ ಕರಿಯೂದಿಲ್ರಿ ಅಜ್ಜಿ," ಎಂದಳು ಸೊಸೆ. "ಈಗ ನೀವು ಬಂದು ಕರದ್ರಲ್ಲ, ಅಷ್ಟ."

"ಬಾಯಿ ನೋಡು ಇವಳದು," ಎಂದು ಅತ್ತೆ ನನ್ನ ಕಡೆ ತಿರುಗಿದರು. ಆದರೆ ಹೋಗಲಿಲ್ಲ. ಯಾಕೆ ಬೇಡ ಹೇಳು ಎಂದು ಕೇಳಿದರು. ಅದು ಜಗಳದ ಪ್ರಶ್ನೆಯಾಗಿರಲಿಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಅವರಿಗೆ.

ಸೊಸೆ ಬಿಸಿನೀರಿನ ಚೀಲವನ್ನು ಎದೆಗೆ ಒತ್ತಿಕೊಂಡು ಹೇಳಿದಳು. "ರಜಾ ಬೇಕ್ರಿ ಅಜ್ಜಿ ನನಗ. ಆ ಖೋಲಿ ಬ್ಯಾಡ್ರಿ. ಅಲ್ಲಿ ಕುಂತ್ರ ನಾ ಏನೋ ತಪ್ಪು ಮಾಡೇನಿ ಅನ್ನಸ್ತೈತಿ. ಬ್ಯಾನಿ ಆದಾಗ ಮನೀ ಮಂದಿ ನಡುವ ಇರಬೇಕು ಅನ್ನಸ್ತೈತ್ರಿ. ಅದಕ್ಕ ಇವತ್ತು ಆಫೀಸಿಗೆ ಹೋಗಿದ್ದೆ."

ಅತ್ತೆ ಹೊಸ್ತಿಲನ್ನೇ ನೋಡಿದರು. ಹೊರಗೆ ಸೊಪ್ಪಿನವಳು ಕೂಗುತ್ತಾ ಹೋದಳು.

"ಸರಿ," ಎಂದರು ಕಡೆಗೆ. "ಇಲ್ಲೇ ಮಲಗು. ಅವತ್ತೊಂದು ದಿನ ನನ್ನ ಹೊಟ್ಟೆ ನಾನು ನೋಡ್ಕೋತೀನಿ. ನಿಮ್ಮತ್ತೆ ನಿನ್ನ ನೋಡ್ಕೊಳ್ಳಲಿ. ದೇವರಮನೆ ಕಡೆ ಮಾತ್ರ ಬರಬೇಡ, ಈ ವಯಸ್ಸಲ್ಲಿ ಅಷ್ಟನ್ನ ಬಿಡೋಕ್ಕೆ ನನ್ನ ಕೈಲಾಗಲ್ಲ."

ಹೂನ್ರಿ ಅಜ್ಜಿ ಎಂದಳು ಅವಳು.

ಇಷ್ಟೇ. ಅತ್ತೆ ತಮ್ಮ ಮಡಿಯನ್ನು ಬಿಡಲಿಲ್ಲ, ಬಿಡುತ್ತಾರೆಂದು ನಾನು ನಿರೀಕ್ಷಿಸಲೂ ಇಲ್ಲ. ಅದರ ಭಾರವನ್ನು ಮಾತ್ರ ಹುಡುಗಿಯ ಮೇಲಿನಿಂದ ತೆಗೆದು ತಮ್ಮ ಮೇಲೆ ಹಾಕಿಕೊಂಡರು. ಆ ವಯಸ್ಸಿನಲ್ಲಿ ನಡುಗುವ ಕೈಯಿಂದ ತಿಂಗಳಿಗೊಮ್ಮೆ ತಣ್ಣನೆಯ ಊಟ ಮಾಡಲು ಒಪ್ಪಿಕೊಂಡರು. ಅವರಿಗೆ ನಮಸ್ಕಾರ ಮಾಡಬೇಕೆನಿಸಿತು. ಮುಟ್ಟುವಂತಿರಲಿಲ್ಲ, ಮನಸ್ಸಿನಲ್ಲೇ ಮಾಡಿದೆ.

ಈ ರಜೆಯ ಬಗ್ಗೆ ಈಗಲೂ ವಾದಗಳು ನಡೆಯುತ್ತಿವೆ. ಕೋರ್ಟಿಗೂ ಹೋಗಿದೆ ಎಂದು ಪತ್ರಿಕೆಯಲ್ಲಿ ಓದುತ್ತೇನೆ, ನನ್ನ ಸರದಿ ಬಂದಾಗ. ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆಗೆ ಈ ಆದೇಶ ತಲುಪುವುದಿಲ್ಲ, ಅವಳಿಗೆ ನಾವೇ ಕೊಡಬೇಕು, ಕೊಡುತ್ತಿದ್ದೇವೆ. ಕಾನೂನಿನ ಸರಿತಪ್ಪು ಹೇಳುವಷ್ಟು ನನಗೆ ತಿಳಿಯದು. ನನಗೆ ಗೊತ್ತಿರುವುದು ಇಷ್ಟು. ಒಂದೇ ಮನೆಯ ಮೂವರು ಹೆಂಗಸರು ಎಲ್ಲವನ್ನೂ ತಿಳಿದುಕೊಂಡು ಒಬ್ಬರಿಗೊಬ್ಬರು ತಿಳಿಯದವರಂತೆ ಇದ್ದೆವು. ಯಾರೋ ಗುರುತಿಲ್ಲದವರು ಒಂದು ಆದೇಶ ಬರೆದರು, ನಾವು ಮಾತಾಡಲೇಬೇಕಾಯಿತು. ಹಾಗೆ ಬರೆದವರು ನಮ್ಮ ಹಿಂದಿನ ಕೋಣೆಯನ್ನು ಕನಸಿನಲ್ಲೂ ನೆನೆದಿರಲಿಕ್ಕಿಲ್ಲ. ಅವರಿಗೆ ನನ್ನ ವಂದನೆ ಇಲ್ಲಿಂದಲೇ ಸಲ್ಲಲಿ.

ಮುಂದಿನ ತಿಂಗಳು ಸೊಸೆ ಬೆಳಿಗ್ಗೆ ಮಂಚದ ಮೇಲೆ ಕೂತು ಆಫೀಸಿಗೆ ಮೇಲ್ ಬರೆಯುತ್ತಿದ್ದಳು. ಒಂದು ಸಲ ನೋಡ್ರಿ ಅತ್ಯಾರ, ನೀವು ಕಾನ್ವೆಂಟಿನವರು ಎಂದು ಫೋನು ನನ್ನ ಕೈಗಿಟ್ಟಳು. ಮೈ ಹುಷಾರಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ನಮ್ಮ ಸಿಸ್ಟರುಗಳೂ ನಮಗೆ ಕಲಿಸಿದ್ದು ಅದೇ ಮಾತು. ಚೆನ್ನಾಗಿದೆ ಎಂದೆ. ಅವಳು ಫೋನು ತೆಗೆದುಕೊಂಡು ಸ್ವಲ್ಪ ಯೋಚಿಸಿ, ಅದನ್ನು ಅಳಿಸಿ, ಮುಟ್ಟಿನ ರಜೆ ಬೇಕು ಎಂದು ನೇರವಾಗಿ ಬರೆದು ಕಳಿಸಿದಳು. ನಾನು ಹಾಲಿಗೆ ಅರಿಶಿನ ಹಾಕಿ ತರಲು ಎದ್ದೆ.

ತಂದಾಗ ಅವಳು ಫೋನಿನಲ್ಲಿ ಧಾರವಾಡದ ತಾಯಿಯ ಜೊತೆ ಮಾತಾಡುತ್ತಿದ್ದಳು. ಹೊದಿಕೆಯನ್ನು ಕೊರಳಿನ ತನಕ ಎಳೆದುಕೊಂಡಿದ್ದಳು. ನನ್ನನ್ನು ನೋಡಿ ಲೋಟ ಅಲ್ಲಿಡಿ ಎಂದು ಕೈಸನ್ನೆ ಮಾಡದೆ, ಕೈಚಾಚಿ ನನ್ನ ಕೈಯಿಂದಲೇ ತೆಗೆದುಕೊಂಡಳು.

"ಹೂಂ ಯವ್ವಾ, ಇವತ್ತು ಹೋಗಿಲ್ಲ," ಎನ್ನುತ್ತಿದ್ದಳು. "ರಜಾ ಹಾಕೇನಿ. ಮಲಗೇನಿ. ಎಲ್ಲೆ ಅಂದ್ರ? ಮನ್ಯಾಗ ಬೇ. ನನ್ನ ಖೋಲ್ಯಾಗ."